ಬೆವರಿದ ಪೆಟ್ಟಿಗೆ: ಸೋಮವಾರಪೇಟೆ ಕಡೆಯ ಒಂದು ಪ್ರಕರಣ

ಶಾಂತಳ್ಳಿ ಕಡೆಯ ಒಂದು ಕಾಫಿ ತೋಟದಲ್ಲಿ ಅಣ್ಣತಮ್ಮಂದಿರ ಪಾಲು ಮುಗಿದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರ್ ಮನೆಯೂ ಅದಕ್ಕೆ ತಾಗಿಕೊಂಡಿದ್ದ ಗೋದಾಮೂ ಕಿರಿಯವರ ಭಾಗಕ್ಕೆ ಬಂದವು. ಅದನ್ನು ಕೆಡವಿ ಹೋಂಸ್ಟೇ ಕಟ್ಟುವುದು ಅವರ ಯೋಚನೆ. ಜನವರಿ ತಿಂಗಳು, ಕೊಯ್ಲು ಜೋರಾಗಿದ್ದ ಸಮಯ. ಕೊಯ್ಲಿಗೆ ಬಂದ ಆಳುಗಳಲ್ಲಿ ಇಬ್ಬರನ್ನು ಗೋದಾಮು ಖಾಲಿ ಮಾಡಲು ಹಚ್ಚಿದರು. ತುಕ್ಕು ಹಿಡಿದ ಸ್ಪ್ರೇಯರ್, ಹರಿದ ಗೋಣಿಚೀಲ, ಮೈಲುತುತ್ತದ ಡಬ್ಬಿಗಳು ಎಲ್ಲ ಹೊರಗೆ ಬಂದ ಮೇಲೆ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಉಳಿಯಿತು. ಇಬ್ಬರಲ್ಲಿ ಕಿರಿಯವನು ಅದನ್ನು ಹಿಡಿದು ಎಳೆದ. ತಳ ನೆಲದ ಹಲಗೆಗೆ ಅಂಟಿಕೊಂಡಿತ್ತು; ಒಂದು ಗೇಣಿನಷ್ಟು ಜರುಗಿ ನಿಂತಿತು. ಕೈಗೆ ಎಣ್ಣೆ ಎಣ್ಣೆಯಾಗಿ ಏನೋ ಹತ್ತಿತು. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಕೈ ಹಾಕುವಷ್ಟರಲ್ಲಿ ಮೇಸ್ತ್ರಿ ಬಂದರು.

ಈ ಪ್ರಕರಣದಲ್ಲಿ ಜೀವ ಉಳಿಸಿದವರು ಯಾರು ಎಂದು ಕೇಳಿದರೆ ನಾನು ಮೇಸ್ತ್ರಿಯ ಕಡೆಗೇ ಕೈ ತೋರಿಸುತ್ತೇನೆ. ಹುಡುಗನಾಗಿದ್ದಾಗ ಅವರು ಇದೇ ತೋಟದ ಬಾವಿಯಲ್ಲಿ ಕಲ್ಲು ಹೊತ್ತವರು. ಬಾಗಿಲಲ್ಲೇ ನಿಂತು ಒಳಗೆ ಇಣುಕಿದರು. ಪೆಟ್ಟಿಗೆಯ ಮುಚ್ಚಳ ಸೀಳಿ, ಒಳಗೆ ಕಾಗದ ಸುತ್ತಿದ ಬೆರಳು ದಪ್ಪದ ಕಡ್ಡಿಗಳು ಕಾಣುತ್ತಿದ್ದವು. ಕಾಗದ ಕಂದು ತಿರುಗಿ, ಅಲ್ಲಲ್ಲಿ ಹನಿ ಹನಿಯಾಗಿ ಹೊಳೆಯುತ್ತಿತ್ತು. ಎಳೆದ ಜಾಗದಲ್ಲಿ ಹಲಗೆಯ ಮೇಲೆ ಪೆಟ್ಟಿಗೆಯ ಆಕಾರಕ್ಕೇ ಕಪ್ಪು ಕಲೆ. "ಬಿಡು, ಅದು ಬಾವಿ ಮದ್ದು. ಹೊರಗೆ ಬಾ" ಎಂದು ಇಬ್ಬರನ್ನೂ ಕರೆದು, ಬಾಗಿಲನ್ನು ಹಾಕಲೂ ಬಿಡದೆ, ದೂರ ಕರೆದುಕೊಂಡು ಹೋದರು. ಆ ಬಾಗಿಲು ಹಾಕುವಾಗ ಬಡಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ತೋಟದ ಲೆಕ್ಕ ಬರೆಯುವ ರೈಟರ್ ಹಳೆಯ ಪುಸ್ತಕ ತೆಗೆದು ನೋಡಿದರು. 1983ರ ಬೇಸಗೆಯ ಪುಟದಲ್ಲಿ ಒಂದು ಸಾಲು: "ಬಾವಿ ಕಲ್ಲು ಸಿಡಿಸಲು ಮದ್ದು, ಪೆಟ್ಟಿಗೆ 2." ಬಾವಿಗೆ ಒಂದು ಪೆಟ್ಟಿಗೆ ಸಾಕಾಗಿರಬೇಕು.

ನಾನು ಸ್ಫೋಟಕಗಳ ಸುರಕ್ಷತಾ ಪರೀಕ್ಷೆಯ ಕೆಲಸದಲ್ಲಿ ಬಹಳ ವರ್ಷ ಇದ್ದು ಈಗ ಮಡಿಕೇರಿಯಲ್ಲಿ ನೆಲೆಸಿರುವವನು. ಮಾಲೀಕರು ಪೊಲೀಸರಿಗಿಂತ ಮೊದಲು ನನಗೆ ಫೋನ್ ಮಾಡಿದ್ದು ಗೌರವಕ್ಕಲ್ಲ, ಹೆದರಿಕೆಗೆ. "ಸಾರ್, ಸ್ಟೇಷನ್ನಿಗೆ ಹೇಳಿದರೆ ನಮ್ಮ ಮೇಲೇ ಕೇಸ್ ಆಗ್ತದಲ್ಲ? ಅಪ್ಪನ ಕಾಲದ್ದು, ನಂಗೆ ಗೊತ್ತೇ ಇಲ್ಲ. ನೀವೊಂದು ಹೇಳಿ, ಅದು ಎಷ್ಟು ಪೆಟ್ಟು ತಡೀತದೆ? ಜೀಪಿನಲ್ಲಿ ಹುಲ್ಲು ಹಾಸಿ, ಫಸ್ಟ್ ಗೇರಿನಲ್ಲೇ ತಗೊಂಡು ಹೋಗಿ ಹಳೇ ಕಲ್ಲು ಗುಂಡಿಗೆ ಹಾಕಿದರೆ?" ಫೋಟೊ ಕಳಿಸಿದ್ದರು. ನೋಡಿದೆ. ಜೀಪಿನ ಕೀಲಿ ಎಲ್ಲಿದೆಯೋ ಅಲ್ಲೇ ಇರಲಿ ಎಂದೆ.

ಅವರ ಪ್ರಶ್ನೆ ಮಾತ್ರ ಸರಿಯಾದ ಪ್ರಶ್ನೆಯೇ. ಅದಕ್ಕೆ ಒಂದು ಅಂಕಿಯ ಉತ್ತರ ಯಾಕೆ ಕೊಡಲಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಬರಹ.

ಬೆವರು ಎಲ್ಲಿಂದ

ಕಡ್ಡಿಗಳಿಂದ ಒಸರಿದ್ದು ನೈಟ್ರೋಗ್ಲಿಸರಿನ್ ಎಂಬ ಎಣ್ಣೆಯಂಥ ಸ್ಫೋಟಕ ದ್ರವ ಆಗಿರಬಹುದು ಎಂಬುದು ಮೊದಲ ಅನುಮಾನ. 1847ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ಅಸ್ಕಾನಿಯೊ ಸೊಬ್ರೆರೊ ಇದನ್ನು ಮೊದಲು ತಯಾರಿಸಿದ. 1864ರಲ್ಲಿ ಸ್ಟಾಕ್‌ಹೋಮಿನ ಹೆಲೆನೆಬೋರ್ಗ್‌ನಲ್ಲಿ ನೊಬೆಲ್ ಕುಟುಂಬದ ಶೆಡ್ಡೇ ಸಿಡಿದು ಆಲ್ಫ್ರೆಡ್ ನೊಬೆಲನ ತಮ್ಮ ಎಮಿಲ್ ಸತ್ತ. ದ್ರವವನ್ನು ದ್ರವವಾಗಿಯೇ ಸಾಗಿಸಿದ ಆ ಎರಡು ಮೂರು ವರ್ಷಗಳಲ್ಲಿ ಹಡಗಿನಲ್ಲಿ, ಬಂದರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಸಾಗಣೆ ಕಚೇರಿಯ ಅಂಗಳದಲ್ಲಿ ಅನಾಹುತಗಳಾದವು. ಮಣ್ಣಿನಂಥ ಪುಡಿಗೆ ಹೀರಿಸಿ 1867ರಲ್ಲಿ ಡೈನಮೈಟ್, ಆಮೇಲೆ 1875ರಲ್ಲಿ ಅಂಟಿನಂತೆ ಗಟ್ಟಿಮಾಡಿದ ಜೆಲಟಿನ್. ಎರಡರ ಉದ್ದೇಶವೂ ಒಂದೇ: ಆ ದ್ರವ ಸ್ವತಂತ್ರವಾಗಿ ಹರಿದಾಡಬಾರದು.

ಕೊಡಗಿನ ಹವೆ ಈ ಏರ್ಪಾಡನ್ನು ಎರಡು ಕಡೆಯಿಂದ ಕೆಡಿಸುತ್ತದೆ. ಒಂದು, ನೀರು. ಕಡ್ಡಿಯಲ್ಲಿರುವ ಅಮೋನಿಯಂ ನೈಟ್ರೇಟಿನಂಥ ಲವಣ ಗಾಳಿಯ ತೇವ ಎಳೆದುಕೊಳ್ಳುತ್ತದೆ; ತೇವ ಒಳಗೆ ಹೊಕ್ಕಷ್ಟೂ ಎಣ್ಣೆ ಹೊರಗೆ ತಳ್ಳಲ್ಪಡುತ್ತದೆ. ಶಾಂತಳ್ಳಿ ಕಡೆಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಎರಡನೆಯದು ಚಳಿ. ಶುದ್ಧ ನೈಟ್ರೋಗ್ಲಿಸರಿನ್ ಸುಮಾರು 13 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ನೀರಿನಂತೆ ಸೊನ್ನೆಗೆ ಕಾಯುವುದಿಲ್ಲ. ನಮ್ಮ ಡಿಸೆಂಬರ್-ಜನವರಿಯ ಎಷ್ಟೋ ರಾತ್ರಿ ಅಷ್ಟಕ್ಕೆ ಇಳಿಯುತ್ತವೆ, ಹಗಲು ಮತ್ತೆ ಬಿಸಿಲು. ಗಟ್ಟಿಯಾಗುವುದು, ಕರಗುವುದು, ಮತ್ತೆ ಗಟ್ಟಿಯಾಗುವುದು. ಪ್ರತಿ ಸಲವೂ ಸ್ವಲ್ಪ ಎಣ್ಣೆ ಬೇರ್ಪಡುತ್ತದೆ. ಹೆಪ್ಪುಗಟ್ಟದಂತೆ ಅದೇ ಬಳಗದ ಇನ್ನೊಂದು ದ್ರವ ಬೆರೆಸುವ ಪದ್ಧತಿಯೂ ಇತ್ತು. ಈ ಪೆಟ್ಟಿಗೆಯಲ್ಲಿ ಬೆರೆಸಿದ್ದರೇ ಎಂದು ಹೇಳಲು ಮೇಲಿನ ಅಕ್ಷರಗಳೇ ಅಳಿಸಿಹೋಗಿದ್ದವು.

ಆದರೆ ಒಸರಿದ್ದೆಲ್ಲ ಎಣ್ಣೆಯೇ ಆಗಬೇಕಿಲ್ಲ. ಲವಣವೇ ತೇವದಲ್ಲಿ ಕರಗಿ ಉಪ್ಪುನೀರಿನಂತೆ ಹನಿಯುವುದೂ ಉಂಟು, ಅದು ಇಷ್ಟು ಅಪಾಯದ್ದಲ್ಲ. ಫೋಟೊದಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ಯಾವುದು ಎಂದು ತೀರ್ಮಾನಿಸಲು ನನಗೆ ನೆರವಾದದ್ದು ಪೆಟ್ಟಿಗೆ ಎಳೆದ ಹುಡುಗ. ಅವನ ಬಗ್ಗೆ ವಿಚಾರಿಸಿದಾಗ ಮೇಸ್ತ್ರಿ, "ಅವನಿಗೆ ಮಧ್ಯಾಹ್ನದಿಂದ ತಲೆ ಸಿಡೀತಾ ಉಂಟು, ಲೈನ್ ಮನೆಯಲ್ಲಿ ಮಲಗಿದ್ದಾನೆ. ಬಿಸಿಲಿಗೆ ಇರಬೇಕು" ಎಂದರು. ಬಿಸಿಲಿಗಲ್ಲ. ನೈಟ್ರೋಗ್ಲಿಸರಿನ್ ಚರ್ಮದ ಮೂಲಕವೇ ರಕ್ತಕ್ಕೆ ಸೇರಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಎದೆನೋವಿಗೆ ನಾಲಿಗೆ ಅಡಿ ಇಡುವ ಮಾತ್ರೆ ಕೆಲಸ ಮಾಡುವುದೂ ಹೀಗೇ. ಡೈನಮೈಟ್ ಕಾರ್ಖಾನೆಗಳ ಕೆಲಸಗಾರರಿಗೆ ಈ ತಲೆನೋವು ಮೊದಲಿನಿಂದ ಪರಿಚಿತ. ಸಾಬೂನು ಹಚ್ಚಿ ಕೈ ತೊಳೆಸಿ, ಆ ಪ್ಯಾಂಟು ಬಿಚ್ಚಿಸಿ ಬೇರೆಯಾಗಿ ದೂರದಲ್ಲಿ ಇಡಿಸಿ, ಡಾಕ್ಟರ ಹತ್ತಿರ ಕಳಿಸಲು ಹೇಳಿದೆ. ಪ್ರಯೋಗಶಾಲೆಯ ವರದಿಯಷ್ಟು ಗಟ್ಟಿ ಸಾಕ್ಷಿ ಇದಲ್ಲ, ಆದರೆ ಎಣ್ಣೆಯೋ ಉಪ್ಪುನೀರೋ ಎಂಬ ತಕ್ಕಡಿ ಒಂದು ಕಡೆ ವಾಲಲು ನನಗೆ ಅಷ್ಟು ಸಾಕಾಯಿತು.

ಎಷ್ಟು ಪೆಟ್ಟು ತಡೆಯುತ್ತದೆ?

ಮಾಲೀಕರ ಮನಸ್ಸಿನಲ್ಲಿದ್ದ ಚಿತ್ರ ಹೀಗೆ: ಇಷ್ಟು ಪೆಟ್ಟಿನವರೆಗೆ ಏನೂ ಆಗುವುದಿಲ್ಲ, ಅದರ ಮೇಲೆ ಹೋದರೆ ಸಿಡಿಯುತ್ತದೆ. ನಡುವೆ ಒಂದು ಗೆರೆ. ಪರೀಕ್ಷೆ ಮಾಡುವವರಿಗೆ ಆ ಗೆರೆ ಸಿಗುವುದೇ ಇಲ್ಲ.

ಪೆಟ್ಟಿನ ಪರೀಕ್ಷೆಗೆ ಎತ್ತರದಿಂದ ತೂಕ ಬೀಳಿಸುವ ಯಂತ್ರವಿದೆ. ಎರಡು ಉಕ್ಕಿನ ಉರುಳೆಗಳ ನಡುವೆ ಚಿಟಿಕೆಯಷ್ಟು ವಸ್ತು, ದ್ರವವಾದರೆ ಹನಿಯಷ್ಟು. ಮೇಲಿನಿಂದ ತೂಕ ಬೀಳುತ್ತದೆ. ಸಿಡಿಯಿತೇ ಇಲ್ಲವೇ ಎಂದು ಬರೆದುಕೊಳ್ಳುವುದು. ಸರಕು ಸಾಗಣೆಗೆ ಜಗತ್ತೆಲ್ಲ ಒಪ್ಪಿರುವ ವಿಶ್ವಸಂಸ್ಥೆಯ ಕೈಪಿಡಿಯ ಒಂದು ಕ್ರಮದಲ್ಲಿ ಆರು ಸಲ ಬೀಳಿಸಿ, ಆರರಲ್ಲಿ ಒಮ್ಮೆಯಾದರೂ ಸಿಡಿಯುವ ಕನಿಷ್ಠ ಶಕ್ತಿಯನ್ನು ಆ ವಸ್ತುವಿನ ಅಂಕಿ ಎಂದು ಹಿಡಿಯುತ್ತಾರೆ. ಅಂದರೆ ಅದರ ಕೆಳಗಿನ ಹಂತದಲ್ಲಿ ಆರಕ್ಕೆ ಆರೂ ಸುಮ್ಮನಿದ್ದವು ಅಷ್ಟೆ. ಏಳನೆಯದನ್ನು ಯಾರೂ ಬೀಳಿಸಿಲ್ಲ. ಇನ್ನೊಂದು ಕ್ರಮ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬ್ರೂಸ್‌ಟನ್ ಪ್ರಯೋಗಾಲಯದಲ್ಲಿ ಬೆಳೆದದ್ದು. ಸಿಡಿದರೆ ಮುಂದಿನ ಸಲ ಒಂದು ಮೆಟ್ಟಿಲು ಕೆಳಗಿನಿಂದ, ಸಿಡಿಯದಿದ್ದರೆ ಒಂದು ಮೆಟ್ಟಿಲು ಮೇಲಿನಿಂದ. ಹೀಗೆ ಹತ್ತಿಳಿಯುತ್ತಾ ಹೋದರೆ ಅರ್ಧಕ್ಕರ್ಧ ಸಿಡಿಯುವ ಎತ್ತರ ಸಿಗುತ್ತದೆ. ಅರ್ಧಕ್ಕರ್ಧ! ಎರಡು ವಸ್ತುಗಳಲ್ಲಿ ಯಾವುದು ಹೆಚ್ಚು ನಾಜೂಕು ಎಂದು ಹೋಲಿಸಲು ಅದು ಒಳ್ಳೆಯ ಅಂಕಿ. ಜೀಪಿನಲ್ಲಿ ಕುಳಿತವರಿಗೆ ಅದರಿಂದ ಏನು ಪ್ರಯೋಜನ?

ಆದರೂ ಅಂಕಿ ಬೇಕು ಎನ್ನುವವರಿಗೆ: ನೈಟ್ರೋಗ್ಲಿಸರಿನ್ನಿಗೆ ಒಂದು ಕೈಪಿಡಿಯಲ್ಲಿ 0.2 ಜೌಲ್ ಎಂದಿದ್ದರೆ ಇನ್ನೊಂದರಲ್ಲಿ 1 ಜೌಲ್ ಎಂದಿದೆ. ಒಂದೇ ದ್ರವ, ಐದು ಪಟ್ಟು ವ್ಯತ್ಯಾಸ. ಟಿಎನ್‌ಟಿ ಎಂಬ ಮಿಲಿಟರಿ ಸ್ಫೋಟಕಕ್ಕೆ ಸುಮಾರು 15. 0.2 ಜೌಲ್ ಎಂದರೆ ನೂರು ಗ್ರಾಂ ತೂಕ ಇಪ್ಪತ್ತು ಸೆಂಟಿಮೀಟರ್ ಎತ್ತರದಿಂದ ಬಿದ್ದ ಪೆಟ್ಟು. ಎರಡರಲ್ಲಿ ಯಾವ ಅಂಕಿ ಹಿಡಿದರೂ ವಿಶ್ವಸಂಸ್ಥೆಯ ಕೈಪಿಡಿ ಹಾಕಿದ ಗಡಿಯೊಳಗೇ ಬೀಳುತ್ತದೆ: 2 ಜೌಲ್ ಅಥವಾ ಅದಕ್ಕೂ ಕಡಿಮೆಗೆ ಸಿಡಿಯುವ ವಸ್ತುವನ್ನು ಆ ರೂಪದಲ್ಲಿ ಸಾಗಿಸಲೇಬಾರದು. ಜೀಪಿನ ಪ್ರಶ್ನೆಗೆ ಅಳತೆಗಳಿಂದ ಸಿಗುವ ಖಚಿತ ಉತ್ತರ ಇಷ್ಟೇ. ಎಷ್ಟು ಮೆಲ್ಲಗೆ ಓಡಿಸಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಐದು ಪಟ್ಟು ವ್ಯತ್ಯಾಸ ಯಾಕೆ ಬರುತ್ತದೆ ಎಂಬಲ್ಲಿ ದ್ರವಗಳ ಕಥೆ ಸ್ವಾರಸ್ಯವಾಗಿದೆ. ಸೈಕಲ್ ಪಂಪನ್ನು ಬಾಯಿ ಮುಚ್ಚಿ ಒತ್ತಿದರೆ ಬಿಸಿಯಾಗುತ್ತದಲ್ಲ, ದ್ರವದೊಳಗಿನ ಗಾಳಿಗುಳ್ಳೆಗೂ ಅದೇ ಆಗುತ್ತದೆ. ಪೆಟ್ಟು ಬಿದ್ದ ಕ್ಷಣ ಗುಳ್ಳೆ ಕುಗ್ಗಿ ಅದರೊಳಗಿನ ಗಾಳಿ ನೂರಾರು ಡಿಗ್ರಿ ಕಾಯುತ್ತದೆ. ಆ ಸೂಜಿಮೊನೆಯಷ್ಟು ಬಿಸಿ ಜಾಗದಿಂದ ಸ್ಫೋಟ ಹೊರಡುತ್ತದೆ. ಕೇಂಬ್ರಿಜ್‌ನಲ್ಲಿ ಬೌಡನ್, ಯೋಫ್ ಮತ್ತು ಅವರ ಸಂಗಡಿಗರು 1940ರ ದಶಕದಲ್ಲಿ ಇದನ್ನು ತೋರಿಸಿದರು. ಗುಳ್ಳೆ ಇಲ್ಲದ ನೈಟ್ರೋಗ್ಲಿಸರಿನ್ ಪದರ ಬಹಳ ಹೆಚ್ಚು ಪೆಟ್ಟು ತಡೆದುಕೊಂಡಿತು, ಒಂದು ಸಣ್ಣ ಗುಳ್ಳೆ ಸಿಕ್ಕಿಸಿದರೆ ಅಲ್ಪ ಪೆಟ್ಟಿಗೇ ಸಿಡಿಯಿತು. ಗಟ್ಟಿ ಮರಳಿನ ಕಣಗಳೂ ಇದೇ ಬಗೆಯ ಕೆಲಸ ಮಾಡುತ್ತವೆ, ಉಜ್ಜಾಟದಲ್ಲಿ ಬಿಸಿಯಾಗಿ. ಹಾಗಾಗಿ ಹನಿಯನ್ನು ಹೇಗೆ ಇಟ್ಟರು, ಮೇಲೆ ಎಷ್ಟು ಗಾಳಿ ಬಿಟ್ಟರು ಎನ್ನುವುದರ ಮೇಲೆ ಯಂತ್ರದ ಅಂಕಿ ಬದಲಾಗುತ್ತದೆ.

ಈಗ ಗೋದಾಮಿನ ನೆಲ ನೆನಪಿಸಿಕೊಳ್ಳಿ. ಹಲಗೆಯ ಸಂದಿಯಲ್ಲಿ ಮರಳು, ಕಾಫಿ ಸಿಪ್ಪೆಯ ಪುಡಿ, ಮೊಳೆಯ ತಲೆ, ಅಂಟು ಕಿತ್ತ ಜಾಗದಲ್ಲಿ ಎಣ್ಣೆಯ ತೆಳು ಪದರ, ಅದರಲ್ಲಿ ಗಾಳಿ. ಪೆಟ್ಟು ಎಂದರೆ ಇಲ್ಲಿ ಮೇಲಿನಿಂದ ಬೀಳುವ ತೂಕವಲ್ಲ, ಮೊಳೆಯ ಮೇಲೆ ಜಾರುವ ಪೆಟ್ಟಿಗೆಯ ಅಂಚು. ಯಾವ ಕೈಪಿಡಿಯಲ್ಲೂ ಈ ನೆಲಕ್ಕೆ ಅಂಕಿ ಇಲ್ಲ. ಹುಡುಗ ಒಂದು ಗೇಣು ಎಳೆದಾಗ ಸಿಡಿಯಲಿಲ್ಲ ಎಂಬುದು ಒಂದೇ ಒಂದು ಪರೀಕ್ಷೆಯ ಫಲಿತಾಂಶ. ಎರಡನೇ ಗೇಣಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. "ಇಷ್ಟು ವರ್ಷ ಏನೂ ಆಗಲಿಲ್ಲ" ಎಂಬ ಮಾತಿಗೂ ನನ್ನಲ್ಲಿ ಇದಕ್ಕಿಂತ ಹೆಚ್ಚು ಬೆಲೆ ಇಲ್ಲ. ಇಷ್ಟು ವರ್ಷ ಅದನ್ನು ಯಾರೂ ಅಲುಗಿಸಿರಲಿಲ್ಲ.

ಪೆಟ್ಟಿಗಿಂತ ಬೇರೆಯಾದದ್ದು ಆಘಾತದ ಅಲೆ. ಪಕ್ಕದಲ್ಲಿ ಏನಾದರೂ ಸಿಡಿದರೆ ಇದೂ ಸಿಡಿಯುತ್ತದೆಯೇ ಎಂಬ ಪ್ರಶ್ನೆ ಅಲ್ಲಿ. ಅದಕ್ಕೆ ಕೊಳವೆಯಲ್ಲಿ ದ್ರವ ತುಂಬಿ, ಅದಕ್ಕೂ ಸಿಡಿಸುವ ಸ್ಫೋಟಕಕ್ಕೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಪೇರಿಸುತ್ತಾರೆ. ಹಾಳೆ ಹೆಚ್ಚಾದಷ್ಟೂ ಅಲೆ ಸೊರಗುತ್ತದೆ. ಕೊನೆಯಲ್ಲಿರುವ ಉಕ್ಕಿನ ತಗಡಿಗೆ ತೂತು ಬಿದ್ದರೆ ದ್ರವ ಪೂರ್ತಿ ಸಿಡಿದಿದೆ ಎಂದು ಲೆಕ್ಕ. ಎಷ್ಟು ಹಾಳೆ ದಾಟಿಯೂ ಸಿಡಿಯಿತು ಎಂಬುದೇ ಅದರ ಅಳತೆ. ನೈಟ್ರೋಗ್ಲಿಸರಿನ್ ಇಲ್ಲಿಯೂ ಸತಾಯಿಸುತ್ತದೆ: ಬಲವಾಗಿ ಕೆಣಕಿದರೆ ಸೆಕೆಂಡಿಗೆ ಏಳು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸಿಡಿಯುತ್ತದೆ, ಮೆಲ್ಲಗೆ ಕೆಣಕಿದರೆ ಸುಮಾರು ಎರಡು ಕಿಲೋಮೀಟರ್ ವೇಗದ ಇನ್ನೊಂದು ಬಗೆಯ ಸ್ಫೋಟ. ತಗಡಿಗೆ ತೂತು ಬೀಳದಿದ್ದ ಮಾತ್ರಕ್ಕೆ ಸಿಡಿಯಲಿಲ್ಲ ಎನ್ನುವ ಹಾಗಿಲ್ಲ.

ಅಳತೆಗಳನ್ನು ನಂಬಿ ಕೆಟ್ಟ ಉದಾಹರಣೆ 1958ರ ಅಮೆರಿಕದ್ದು. ನೈಟ್ರೋಮೀಥೇನ್ ಎಂಬ ದ್ರವವನ್ನು ಆಗ ಸಾಧು ಎಂದೇ ಭಾವಿಸಿ ರೈಲಿನ ಟ್ಯಾಂಕರುಗಳಲ್ಲಿ ಸಾಗಿಸುತ್ತಿದ್ದರು. ಆ ಒಂದೇ ವರ್ಷ ನಯಾಗರಾ ಫಾಲ್ಸ್‌ನಲ್ಲಿ ಒಂದು, ಇಲಿನಾಯ್ಸ್‌ನ ಮೌಂಟ್ ಪುಲಾಸ್ಕಿಯಲ್ಲಿ ಒಂದು, ಹೀಗೆ ಎರಡು ಟ್ಯಾಂಕರುಗಳು ಸಿಡಿದವು. ಆಮೇಲೆ ತಜ್ಞರ ಕಣ್ಣು ಹೋದದ್ದು ಗುಳ್ಳೆಗಳ ಮೇಲೆಯೇ: ಡಿಕ್ಕಿಯಲ್ಲಿ ದ್ರವ ನುಗ್ಗಿ ಒಳಗಿನ ಗಾಳಿ ಹಠಾತ್ತನೆ ಒತ್ತಿಕೊಳ್ಳುವುದು. ಹನಿಯಷ್ಟು ದ್ರವದ ಮೇಲೆ ತೂಕ ಬೀಳಿಸಿ ನೋಡಿದರೆ ಟ್ಯಾಂಕರಿನೊಳಗೆ ಏನಾಗಬಹುದು ಎಂದು ತಿಳಿಯುವುದಿಲ್ಲ.

ಮಾಡಿದ್ದು

"ಮದ್ದು ನಮಗೇನು ಹೊಸದಲ್ಲ ಸಾರ್" ಎಂದರು ಮಾಲೀಕರು. ನಿಜ. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇರುವ ಊರು ಇದು. ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡುತ್ತಾ ಬೆಳೆದವರು. ಆದರೆ ನನ್ನ ಅನುಭವದಲ್ಲಿ ಈ ಪರಿಚಯವೇ ಕೈಕೊಡುವುದು. ಕರಿಮದ್ದು ಕಿಡಿಗೆ ಹತ್ತಿ ಉರಿಯುವ ವಸ್ತು, ಹಳೆಯದಾಗಿ ತೇವ ಹಿಡಿದರೆ ಸತ್ತೇ ಹೋಗುತ್ತದೆ. ಬೆವರಿದ ಜೆಲಟಿನ್ ಹಳೆಯದಾದಷ್ಟೂ ಏಳುತ್ತದೆ. ಈಗಿನ ಕ್ವಾರಿಗಳಲ್ಲಿ ಜನ ಜೆಲಟಿನ್ ಎಂದೇ ಕರೆಯುವ ಕಡ್ಡಿಗಳೂ ಬೇರೆ ಜಾತಿ, ನೀರು ಬೆರೆತವು, ಬಹಳ ಹೆಚ್ಚು ಪೆಟ್ಟು ತಡೆಯುವಂಥವು. ನೈಟ್ರೋಗ್ಲಿಸರಿನ್ ಆಧಾರದ ಸ್ಫೋಟಕಗಳನ್ನು ಭಾರತದಲ್ಲಿ 2004ರ ಏಪ್ರಿಲ್‌ನಿಂದ ನಿಷೇಧಿಸಲಾಗಿದೆ. ಹಾಗಂತ ಹೊಸವೂ ಆಟದ ಸಾಮಾನಲ್ಲ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಆರು ಜನ ಸತ್ತದ್ದು ಇಂಥ ಸರಕನ್ನು ಗುಟ್ಟಾಗಿ ಸಾಗಹಾಕಲು ಹೋಗಿ. ಮಾಲೀಕರಿಗೆ ಆ ಸುದ್ದಿ ನೆನಪಿತ್ತು. ಕೇಸಿನ ಹೆದರಿಕೆ ಅಲ್ಲಿಗೆ ತಗ್ಗಿತು. ಅವರೇ ಸ್ಟೇಷನ್ನಿಗೆ ಫೋನ್ ಮಾಡಿದರು, ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಹೇಳಿದರು. ತಾವಾಗಿಯೇ ತಿಳಿಸಿದ್ದರಿಂದ ಅವರನ್ನು ಆರೋಪಿ ಮಾಡಲಿಲ್ಲ, ಹೇಳಿಕೆ ಬರೆಸಿಕೊಂಡರು ಅಷ್ಟೆ.

ಆಳುಗಳ ಲೈನ್ ಮನೆಗಳನ್ನು ಖಾಲಿ ಮಾಡಿಸಿದರು, ಆ ಬದಿಯ ಕೊಯ್ಲು ನಿಲ್ಲಿಸಿದರು, ರಸ್ತೆಗೆ ಕಾವಲು ಹಾಕಿದರು. ಬಾಂಬ್ ನಿಷ್ಕ್ರಿಯ ದಳ ಬಂದು ಬಾಗಿಲಿನಿಂದಲೇ ನೋಡಿತು. ಸ್ಯಾಂಪಲ್ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಮಾತು ಒಬ್ಬ ಅಧಿಕಾರಿಯಿಂದ ಬಂತು. ದಳದ ಹಿರಿಯರು ಬೇಡ ಎಂದರು, ನಾನೂ ಬೇಡ ಎಂದೆ. ಹನಿ ತೆಗೆಯಲು ಕಡ್ಡಿ ಮುಟ್ಟಬೇಕು. ಎಣ್ಣೆ ಎಂದು ವರದಿ ಬಂದರೆ ಇದ್ದಲ್ಲೇ ನಾಶ ಮಾಡುತ್ತೇವೆ. ಉಪ್ಪುನೀರು ಎಂದು ಬಂದರೂ ಈ ವಯಸ್ಸಿನ ಪೆಟ್ಟಿಗೆಯನ್ನು ಹೊತ್ತೊಯ್ಯುವುದಿಲ್ಲ. ಯಾವ ಉತ್ತರ ಬಂದರೂ ಕೆಲಸ ಬದಲಾಗದಿದ್ದ ಮೇಲೆ ಆ ಅಳತೆಗೆ ಒಂದು ಜೀವ ಒಡ್ಡುವುದು ಯಾಕೆ? ಗೋದಾಮು ಹೇಗೂ ಕೆಡವಬೇಕಾದದ್ದೇ ಎಂದು ಒಪ್ಪಿಗೆ ಬರೆಸಿಕೊಂಡು ಅಲ್ಲೇ ಮುಗಿಸಿದರು. ಮಂಗಳೂರು ಹಂಚು ಒಂದೂ ಉಳಿಯಲಿಲ್ಲ. ಪಕ್ಕದ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ್ದ ಮೆಣಸಿನ ಬಳ್ಳಿಗಳಿಗಾಗಿ ಮಾಲೀಕರು ಹಂಚಿಗಿಂತ ಹೆಚ್ಚು ಮರುಗಿದರು.

ಮೇಸ್ತ್ರಿಗೆ ಮಾತ್ರ ಇನ್ನೊಂದು ಚಿಂತೆ. "ಕೇಪು ಎಲ್ಲಿ? ಕೇಪನ್ನು ಬೇರೆ ಡಬ್ಬಿಯಲ್ಲಿ ಇಡ್ತಿದ್ದರು." ಕೇಪು ಎಂದರೆ ಡಿಟೋನೇಟರ್, ಪೆಟ್ಟಿಗೂ ಬಿಸಿಗೂ ಅದು ಕಡ್ಡಿಗಿಂತ ಬೇಗ ಬೇಸರ ಮಾಡಿಕೊಳ್ಳುವಂಥದ್ದು. ಗೋದಾಮಿನಿಂದ ಹೊರಗೆ ಹಾಕಿದ್ದರಲ್ಲಿ ಇರಲಿಲ್ಲ, ಪಲ್ಪರ್ ಮನೆಯಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಆಫೀಸಿನ ಗೋಡೆ ಬೀರುವಿನಲ್ಲಿ, ಲೆಕ್ಕದ ಪುಸ್ತಕಗಳ ಹಿಂದೆ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ. ಎರಡು ದಿನ ಮುಂಚೆ 1983ರ ಪುಸ್ತಕ ಹುಡುಕುವಾಗ ರೈಟರ್ ಆ ಡಬ್ಬಿಯನ್ನು ಕೈಯಾರೆ ಸರಿಸಿ ಪಕ್ಕಕ್ಕಿಟ್ಟಿದ್ದರು. ಒಳಗೆ ಗುಂಡುಪಿನ್ನು ಇರಬೇಕು ಅಂದುಕೊಂಡಿದ್ದೆ ಎಂದರು. ಮದ್ದನ್ನೂ ಕೇಪನ್ನೂ ಬೇರೆ ಬೇರೆ ಇಡಬೇಕೆಂಬ ನಿಯಮವನ್ನು ಹಿಂದಿನವರು ತಪ್ಪದೆ ಪಾಲಿಸಿದ್ದರು, ಬೇರೆ ಎಂದರೆ ರೈಟರ್ ಮೇಜಿನ ಬೆನ್ನಿಗೆ ಎಂದು ಮಾತ್ರ ಯಾರೂ ಎಣಿಸಿರಲಿಲ್ಲ. ದಳದವರು ಮತ್ತೊಮ್ಮೆ ಬಂದು ಅದನ್ನು ತಾವೇ ನೋಡಿಕೊಂಡರು.

ಮಹಜರು ಬರೆಯುವಾಗ ಒಂದು ಸಣ್ಣ ಜಗ್ಗಾಟ. ಕಾನ್‌ಸ್ಟೆಬಲ್‌ಗೆ ಕಡ್ಡಿಗಳ ಸಂಖ್ಯೆ ಬೇಕು, ಆ ಅಂಕಣ ಖಾಲಿ ಬಿಡುವ ಹಾಗಿಲ್ಲ. ಅಂದಾಜು ಹೇಳಿ ಸಾರ್ ಎಂದು ನನ್ನನ್ನೂ ಕೇಳಿದರು. ಮುಚ್ಚಳದ ಸೀಳಿನಲ್ಲಿ ಕಂಡ ಕಡ್ಡಿಗಳ ಮೇಲೆ ಪೆಟ್ಟಿಗೆ ಪೂರ್ತಿ ಲೆಕ್ಕ ಹಾಕಲು ನಾನು ಒಪ್ಪಲಿಲ್ಲ. ದಳದ ಹಿರಿಯರೂ ಒಪ್ಪಲಿಲ್ಲ. ಕೊನೆಗೆ "ಹಳೆಯ ಜೆಲಟಿನ್ ಕಡ್ಡಿಗಳಿದ್ದ ಮರದ ಪೆಟ್ಟಿಗೆ 1, ಕಡ್ಡಿಗಳನ್ನು ಎಣಿಸಿರುವುದಿಲ್ಲ" ಎಂದು ಬರೆದು, ಪಂಚರಾಗಿ ಮೇಸ್ತ್ರಿಯೂ ಪಕ್ಕದ ತೋಟದವರೊಬ್ಬರೂ ರುಜು ಹಾಕಿದರು. 1983ರ ಲೆಕ್ಕದ ಪುಸ್ತಕವನ್ನೂ ಜಪ್ತಿ ಮಾಡಿದರು. ಆ ಪುಟದ ಜೆರಾಕ್ಸ್ ರೈಟರ್ ಹತ್ತಿರ ಇದೆ.